ಟ್ರೊಮ್ಸೊದಿಂದ ಲಾಂಗ್‌ಯೀರ್‌ಬೆನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಬಗೆ

ಗೋಡೆಗೆ ತೂಗುಹಾಕುವ ಚಪ್ಪಟೆ ಭೂಪಟ ಒಂದಿದ್ದರೆ ಹತ್ತಿರ ಹೋಗಿ. ನಾರ್ವೆಯ ನೆತ್ತಿಯಲ್ಲಿರುವ ಟ್ರೊಮ್ಸೊ ಊರಿನ ಮೇಲೆ ಹೆಬ್ಬೆರಳು ಇಡಿ. ಅದಕ್ಕೂ ಮೇಲೆ, ಉತ್ತರ ಹಿಮಸಾಗರದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಲಾಂಗ್‌ಯೀರ್‌ಬೆನ್ ಮೇಲೆ ತೋರುಬೆರಳು ಇಡಿ. ಆ ಅಂತರ ಕದಲದಂತೆ ಕೈಯನ್ನು ಭಾರತದ ಮೇಲೆ ತಂದರೆ ಕನ್ಯಾಕುಮಾರಿಯಿಂದ ಶ್ರೀನಗರವನ್ನೂ ದಾಟಿ ಹೋಗುತ್ತದೆ. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ನೇರ ದೂರ ಸುಮಾರು 2,900 ಕಿಲೋಮೀಟರ್. ಟ್ರೊಮ್ಸೊದಿಂದ ಲಾಂಗ್‌ಯೀರ್‌ಬೆನ್‌ಗೆ ಬರೀ 960. ಮೂರರಲ್ಲಿ ಒಂದು ಪಾಲು!

ಭೂಪಟ ಸುಳ್ಳು ಹೇಳುತ್ತಿಲ್ಲ, ಎಳೆದು ಹೇಳುತ್ತಿದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವ ಮರ್ಕೇಟರ್ ವಿಧಾನದಲ್ಲಿ ಧ್ರುವದ ಕಡೆ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಎರಡು ಪಟ್ಟು, ಟ್ರೊಮ್ಸೊ ಬಳಿ ಸುಮಾರು ಮೂರು ಪಟ್ಟು, ಲಾಂಗ್‌ಯೀರ್‌ಬೆನ್ ಬಳಿ ಐದು ಪಟ್ಟಿನ ಹತ್ತಿರ. ಹಾಗಾಗಿ ಉತ್ತರದ ಊರುಗಳ ವಿಷಯದಲ್ಲಿ ಕಣ್ಣಳತೆಯನ್ನು ಮೊದಲು ಪಕ್ಕಕ್ಕಿಡಬೇಕು.

ಇರುಳ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ನಾರ್ದರ್ನ್ ಲೈಟ್ಸ್ ನೋಡಲು ಟ್ರೊಮ್ಸೊಗೆ ಹೋಗುವವರು ಈಗ ನಮ್ಮಲ್ಲೂ ಹೆಚ್ಚಾಗಿದ್ದಾರೆ. ಅಲ್ಲಿಯವರೆಗೆ ಹೋದ ಮೇಲೆ ಇನ್ನೊಂದು ವಿಮಾನ ಹತ್ತಿ ಸ್ವಾಲ್‌ಬಾರ್ಡನ್ನೂ ನೋಡಿ ಬರಬಹುದಲ್ಲ ಎಂಬ ಆಸೆ ಸಹಜ. ಅಂಥವರಿಗಾಗಿ ಈ ಲೆಕ್ಕ. ದೂರದ ಲೆಕ್ಕ ಐದು ನಿಮಿಷದ ಕೆಲಸ, ಹೊತ್ತಿನ ಲೆಕ್ಕಕ್ಕೆ ತಾಳ್ಮೆ ಬೇಕು.

ಮೊದಲ ಹೆಜ್ಜೆ: ಊರಿನದಲ್ಲ, ವಿಮಾನ ನಿಲ್ದಾಣದ ಅಕ್ಷಾಂಶ ರೇಖಾಂಶ ಹಿಡಿಯಿರಿ

ಎರಡೂ ನಿಲ್ದಾಣಗಳ ಸ್ಥಾನ ಹೀಗಿದೆ. ಟ್ರೊಮ್ಸೊ (ನಿಲ್ದಾಣದ ಸಂಕೇತ ಟಿಒಎಸ್): 69.68 ಡಿಗ್ರಿ ಉತ್ತರ, 18.92 ಡಿಗ್ರಿ ಪೂರ್ವ. ಸ್ವಾಲ್‌ಬಾರ್ಡ್ ನಿಲ್ದಾಣ, ಅಂದರೆ ಲಾಂಗ್‌ಯೀರ್‌ಬೆನ್ (ಸಂಕೇತ ಎಲ್‌ವೈಆರ್): 78.25 ಡಿಗ್ರಿ ಉತ್ತರ, 15.47 ಡಿಗ್ರಿ ಪೂರ್ವ.

ಇಲ್ಲಿ ಎರಡೂ ಕಡೆ ನಿಲ್ದಾಣದಿಂದ ಊರಿಗೆ ಐದಾರು ಕಿಲೋಮೀಟರ್ ಅಷ್ಟೇ, ಆದ್ದರಿಂದ ಊರಿನ ಸ್ಥಾನ ಹಾಕಿದರೂ ದೊಡ್ಡ ತಪ್ಪಾಗದು. ಎಲ್ಲ ಕಡೆ ಹಾಗಲ್ಲ. ದೇವನಹಳ್ಳಿಯಲ್ಲಿ ಇಳಿದು ಜಯನಗರದ ಮನೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಲ್ದಾಣದ ಮೂರಕ್ಷರದ ಸಂಕೇತ ಹಾಕಿ ಹುಡುಕುವುದು ಒಳ್ಳೆಯ ಅಭ್ಯಾಸ.

ಎರಡನೆಯ ಹೆಜ್ಜೆ: ಕಾಗದದ ಮೇಲೆ ದೂರ

ಅಕ್ಷಾಂಶದ ಒಂದು ಡಿಗ್ರಿ ಎಂದರೆ ಭೂಮಿಯ ಮೇಲೆ ಎಲ್ಲೇ ಆದರೂ ಸುಮಾರು 111.2 ಕಿಲೋಮೀಟರ್. ನಮ್ಮ ಎರಡು ನಿಲ್ದಾಣಗಳ ನಡುವೆ 8.57 ಡಿಗ್ರಿ ವ್ಯತ್ಯಾಸ. ಗುಣಿಸಿದರೆ 953 ಕಿಲೋಮೀಟರ್ ಉತ್ತರಕ್ಕೆ.

ರೇಖಾಂಶದ ಕಥೆ ಬೇರೆ. ಕಿತ್ತಳೆಯ ತೊಳೆಗಳನ್ನು ನೆನೆಸಿಕೊಳ್ಳಿ. ನಡುವಿನಲ್ಲಿ ದಪ್ಪ, ತುದಿಗೆ ಹೋದಂತೆ ಸೊರಗಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಬೆಂಗಳೂರಿನಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿಲೋಮೀಟರ್ ಅಗಲವಿದ್ದರೆ, ಟ್ರೊಮ್ಸೊದಲ್ಲಿ 39, ಲಾಂಗ್‌ಯೀರ್‌ಬೆನ್‌ನಲ್ಲಿ 23 ಮಾತ್ರ. ಹಾಗಾಗಿ ರೇಖಾಂಶದ ವ್ಯತ್ಯಾಸವನ್ನು 111.2ರಿಂದ ಗುಣಿಸಿ, ಮತ್ತೆ ಎರಡೂ ಊರುಗಳ ನಡು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಡು ಅಕ್ಷಾಂಶ ಇಲ್ಲಿ ಸುಮಾರು 74, ಅದರ ಕೊಸೈನ್ 0.276. ವ್ಯತ್ಯಾಸ 3.45 ಡಿಗ್ರಿ. ಮೂರನ್ನೂ ಗುಣಿಸಿದರೆ 106 ಕಿಲೋಮೀಟರ್ ಪಶ್ಚಿಮಕ್ಕೆ. (ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಏನೇನೋ ಉತ್ತರ ಬರುತ್ತದೆ, ಡಿಗ್ರಿಗೆ ಬದಲಿಸಿಕೊಳ್ಳಿ. ಪಿಯುಸಿಯಲ್ಲಿ ಈ ತಪ್ಪಿಗೆ ಅಂಕ ಕಳೆದುಕೊಳ್ಳದವರು ಕಡಿಮೆ.)

ಇನ್ನು ಉಳಿದಿದ್ದು ಪೈಥಾಗೊರಸ್. 953ರ ವರ್ಗ, 106ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 959 ಕಿಲೋಮೀಟರ್. ಭೂಮಿಯನ್ನು ಗುಂಡಗಿನ ಚೆಂಡೆಂದು ಹಿಡಿದು ಪೂರ್ತಿ ತ್ರಿಕೋನಮಿತಿ ಮಾಡಿದರೆ ಬರುವುದು 958. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆ ಎಂಬುದನ್ನೂ ಲೆಕ್ಕಕ್ಕೆ ತಂದರೆ 961ರ ಆಸುಪಾಸು. ಒಂದೊಂದು ಜಾಲತಾಣ ಒಂದೊಂದು ಸಂಖ್ಯೆ ತೋರಿಸುವುದು ಇದೇ ಕಾರಣಕ್ಕೆ. ಮೂರು ಕಿಲೋಮೀಟರ್‌ಗೆ ವಿಮಾನ ತೆಗೆದುಕೊಳ್ಳುವುದು ಹದಿಮೂರು ಸೆಕೆಂಡ್, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಸುಮಾರು 960 ಎಂದು ಬರೆದುಕೊಳ್ಳಿ.

ಪೈಲಟ್‌ಗಳಿಗೆ ಇನ್ನೂ ಸುಲಭ. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಮಿನಿಟು, ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ. 8.57ನ್ನು 60ರಿಂದ ಗುಣಿಸಿದರೆ 514. ಪಶ್ಚಿಮದ ಓರೆಯನ್ನೂ ಸೇರಿಸಿದರೆ 517. ಇದನ್ನು 1.852ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆ.

ದಿಕ್ಕನ್ನೂ ಹೇಳಿಬಿಡುತ್ತೇನೆ. ಟ್ರೊಮ್ಸೊದಿಂದ ಎದ್ದ ವಿಮಾನ ನೇರ ಉತ್ತರಕ್ಕಿಂತ ಐದು ಡಿಗ್ರಿಯಷ್ಟು ಎಡಕ್ಕೆ ವಾಲಿ ಹೋಗುತ್ತದೆ, ಹೆಚ್ಚುಕಡಿಮೆ ಧ್ರುವದತ್ತಲೇ ಮುಖ. ಲಾಂಗ್‌ಯೀರ್‌ಬೆನ್‌ನಲ್ಲಿ ಇಳಿಯದೆ ಮುಂದೆ ಹೋದರೆ ಇನ್ನು 1,300 ಕಿಲೋಮೀಟರ್‌ಗೆ ಉತ್ತರ ಧ್ರುವವೇ.

ಈ ಸುಲಭ ಸೂತ್ರ ಕೈಕೊಡುವ ಜಾಗ

ಎರಡೂ ಊರುಗಳು ಉತ್ತರ ದಕ್ಷಿಣವಾಗಿ ಒಂದರ ಮೇಲೊಂದು ಇದ್ದಾಗ ಮೇಲಿನ ಸೂತ್ರ ಚೆನ್ನಾಗಿ ನಡೆಯುತ್ತದೆ. ಪೂರ್ವ ಪಶ್ಚಿಮವಾಗಿ ದೂರ ದೂರ ಇದ್ದರೆ ದಾರಿ ತಪ್ಪಿಸುತ್ತದೆ. ಟ್ರೊಮ್ಸೊ ಮತ್ತು ಅಲಾಸ್ಕಾದ ತುದಿಯ ಉಟ್ಕಿಯಾಗ್ವಿಕ್ (ಹಳೆಯ ಹೆಸರು ಬ್ಯಾರೋ) ತೆಗೆದುಕೊಳ್ಳಿ. ಒಂದು 69.68, ಇನ್ನೊಂದು 71.29 ಡಿಗ್ರಿ ಉತ್ತರ, ಬಹುತೇಕ ಒಂದೇ ಸಾಲು. ರೇಖಾಂಶದ ವ್ಯತ್ಯಾಸ ಸುಮಾರು 176 ಡಿಗ್ರಿ. ನಮ್ಮ ಸೂತ್ರ ಹಾಕಿದರೆ 6,500 ಕಿಲೋಮೀಟರ್ ಮೀರುತ್ತದೆ. ಗ್ಲೋಬಿನ ಮೇಲೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ, ದಾರ ಜಾರಿ ಧ್ರುವದ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಇಲ್ಲಿಂದ ಧ್ರುವಕ್ಕೆ 20.32 ಡಿಗ್ರಿ, ಅಲ್ಲಿಂದ ಆಚೆಗೆ 18.71 ಡಿಗ್ರಿ, ಒಟ್ಟು 39. ಅಂದರೆ ಸುಮಾರು 4,340 ಕಿಲೋಮೀಟರ್. ಎರಡು ಸಾವಿರಕ್ಕೂ ಮೀರಿದ ವ್ಯತ್ಯಾಸ! ದಾರ ತೋರಿಸುವ ಈ ಹಾದಿಯನ್ನೇ ವಿಮಾನದವರು ಗ್ರೇಟ್ ಸರ್ಕಲ್ ಎನ್ನುವುದು.

ಇನ್ನೊಂದು ಗುಂಡಿ ಬೇರಿಂಗ್ ಜಲಸಂಧಿಯ ಬಳಿ ಇದೆ. ಅಲಾಸ್ಕಾದ ನೋಮ್ 165 ಡಿಗ್ರಿ ಪಶ್ಚಿಮದಲ್ಲಿ, ರಷ್ಯಾದ ಅನಾದಿರ್ 178 ಡಿಗ್ರಿ ಪೂರ್ವದ ಹತ್ತಿರ. ಕೂಡಿಸಿದರೆ 343 ಡಿಗ್ರಿ ಬರುತ್ತದೆ. ಕೂಡಿಸಿದ್ದು 180 ದಾಟಿದರೆ 360ರಿಂದ ಕಳೆಯಬೇಕು, ಆಗ ಸಿಗುವುದು 17 ಡಿಗ್ರಿ. ದೂರ ಬರೀ 800 ಕಿಲೋಮೀಟರ್, ಆದರೆ ಗಡಿಯಾರದಲ್ಲಿ ಚಳಿಗಾಲಕ್ಕೆ 21 ಗಂಟೆಯ ಅಂತರ. ನೋಮ್‌ನಿಂದ ಅನಾದಿರ್‌ಗೆ ಒಂದೂವರೆ ಗಂಟೆ ಹಾರಿದವನ ಕ್ಯಾಲೆಂಡರ್ ಒಂದು ದಿನ ಮುಂದೆ ಓಡಿರುತ್ತದೆ.

ಕೈಲೆಕ್ಕ ಬೇಡ ಎನ್ನುವವರು ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ಸಂಕೇತ ಹಾಕಿದರೆ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲೂ ದೂರ ಅಳೆಯುವ ಸಲಕರಣೆಯಿದೆ. ಅದು ಪರದೆಯ ಮೇಲಿನ ಉದ್ದವನ್ನಲ್ಲ, ಭೂಮಿಯ ಮೇಲಿನ ನಿಜ ದೂರವನ್ನೇ ಕೊಡುತ್ತದೆ. ಆದರೂ ಒಮ್ಮೆ ಕೈಯಾರೆ ಮಾಡಿದವರಿಗೆ ಯಂತ್ರ ತಪ್ಪು ಉತ್ತರ ಕೊಟ್ಟಾಗ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ದೂರವನ್ನು ಹೊತ್ತಿಗೆ ಬದಲಿಸುವುದು

ದೂರ ತೋರಿಸುವ ತಾಣಗಳು ಎಡವುವುದು ಇಲ್ಲೇ. ವೇಗ 900 ಎಂದು ಹಿಡಿದು, 960ನ್ನು ಭಾಗಿಸಿ, ಒಂದು ಗಂಟೆ ನಾಲ್ಕು ನಿಮಿಷ ಎಂದು ಬರೆದುಬಿಡುತ್ತವೆ. ಆ ಹೊತ್ತಿಗೆ ತಲುಪಬೇಕಾದರೆ ವಿಮಾನ ಟ್ರೊಮ್ಸೊದ ಬಾಗಿಲಿನಿಂದಲೇ ಬಾಣದಂತೆ ಹೊರಟು ಅದೇ ವೇಗದಲ್ಲಿ ಲಾಂಗ್‌ಯೀರ್‌ಬೆನ್‌ನ ಬಾಗಿಲಿಗೆ ಬಂದು ನಿಲ್ಲಬೇಕು.

ಬೋಯಿಂಗ್ 737 ಅಥವಾ ಏರ್‌ಬಸ್ 320 ಥರದ ವಿಮಾನ ಎತ್ತರ ಮುಟ್ಟಿದ ಮೇಲೆ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಆ ಲೆಕ್ಕದಲ್ಲಿ 69 ನಿಮಿಷ. ಏರುವಾಗ ಇಳಿಯುವಾಗ ವೇಗ ಕಡಿಮೆ, ಅದಕ್ಕೆ ಹತ್ತು ಹನ್ನೆರಡು ನಿಮಿಷ ಸೇರಿಸಿ. ಗಾಳಿಯ ದಿಕ್ಕು ನೋಡಿ ರನ್‌ವೇಯ ಯಾವ ತುದಿಯಿಂದ ಏರಬೇಕು, ಯಾವ ತುದಿಗೆ ಸುತ್ತಿ ಬಂದು ಇಳಿಯಬೇಕು ಎಂಬ ಸುತ್ತಾಟಕ್ಕೆ ಏಳೆಂಟು ನಿಮಿಷ. ನೆಲದ ಮೇಲೆ ಉರುಳುವುದಕ್ಕೆ ಎರಡೂ ಕಡೆ ಸೇರಿ ಹತ್ತು. ಒಟ್ಟು ಒಂದು ಗಂಟೆ ನಲವತ್ತು ನಿಮಿಷದ ಹತ್ತಿರ ಬಂತು. ವೇಳಾಪಟ್ಟಿಯಲ್ಲಿ ನೀವು ಕಾಣುವುದೂ ಹೆಚ್ಚುಕಡಿಮೆ ಇಷ್ಟೇ.

ವೇಳಾಪಟ್ಟಿಯ ಈ ಸಮಯಕ್ಕೆ ವಿಮಾನದವರ ಭಾಷೆಯಲ್ಲಿ ಬ್ಲಾಕ್ ಟೈಮ್ ಎಂದು ಹೆಸರು. ಇಲ್ಲಿ ಗೇಟಿನಿಂದ ಕದಲಿದ ಗಳಿಗೆಯಿಂದ ಅಲ್ಲಿ ಗೇಟಿನಲ್ಲಿ ನಿಂತ ಗಳಿಗೆಯವರೆಗೆ. ನೆನಪಿಟ್ಟುಕೊಳ್ಳಲು ಒಂದು ಸೂತ್ರ: ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. 960ಕ್ಕೆ ಒಂದು ಗಂಟೆ 42 ನಿಮಿಷ ಬರುತ್ತದೆ. ಬೆಂಗಳೂರು ಮುಂಬೈಗೆ ಇದನ್ನೇ ಹಾಕಿ ನೋಡಿ. ದೂರ 835 ಕಿಲೋಮೀಟರ್, ಸೂತ್ರದ ಪ್ರಕಾರ ಒಂದೂವರೆ ಗಂಟೆ. ಟಿಕೆಟ್ಟಿನಲ್ಲಿ ಮಾತ್ರ ಎರಡು ಗಂಟೆಯ ಆಸುಪಾಸು ಇರುತ್ತದೆ. ಮುಂಬೈ ಮೇಲೆ ಸರದಿಗಾಗಿ ಸುತ್ತುವ ಹೊತ್ತನ್ನು ಮೊದಲೇ ಸೇರಿಸಿಟ್ಟಿರುತ್ತಾರೆ. ಲಾಂಗ್‌ಯೀರ್‌ಬೆನ್ ಮೇಲೆ ಸರದಿಯೇ ಇಲ್ಲ.

ಗಾಳಿಯನ್ನೂ ಒಂದು ಮಾತಿನಲ್ಲಿ ನೋಡೋಣ. ಎದುರುಗಾಳಿ ಗಂಟೆಗೆ 80 ಕಿಲೋಮೀಟರ್ ಇದ್ದರೆ 69 ನಿಮಿಷ 77 ಆಗುತ್ತದೆ, ಬೆನ್ನಗಾಳಿಯಾದರೆ 63ಕ್ಕೆ ಇಳಿಯುತ್ತದೆ. ಎತ್ತರದ ಬಲವಾದ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಉತ್ತರ ದಕ್ಷಿಣದ ಈ ದಾರಿಗೆ ಅದು ಪಕ್ಕೆಗಾಳಿ. ಹೋಗುವಾಗ ಬರುವಾಗ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಗಡಿಯಾರವೂ ಎರಡೂ ಕಡೆ ಒಂದೇ. ನಾರ್ವೆಯ ಸಮಯವೇ ಸ್ವಾಲ್‌ಬಾರ್ಡ್‌ಗೂ ಅನ್ವಯ, ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ.

ಸಣ್ಣ ವಿಮಾನಕ್ಕೆ ಈ ಸೂತ್ರ ಹಾಕಬೇಡಿ. ಲಾಂಗ್‌ಯೀರ್‌ಬೆನ್‌ನಿಂದ ಇನ್ನೂ ಉತ್ತರಕ್ಕೆ ನ್ಯು-ಓಲೆಸುಂಡ್ ಎಂಬ ಸಂಶೋಧನಾ ನೆಲೆಯಿದೆ, ದೂರ 110 ಕಿಲೋಮೀಟರ್. ಭಾರತದ ಹಿಮಾದ್ರಿ ಕೇಂದ್ರ 2008ರ ಜುಲೈಯಿಂದ ಅಲ್ಲೇ ಇರುವುದು. ಆ ದಾರಿಯಲ್ಲಿ ಬಹುಕಾಲ ಹಾರಿದ್ದು ಡಾರ್ನಿಯರ್ 228. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವುದೂ ಅದೇ ಮಾದರಿ. ಎರಡು ಪ್ರೊಪೆಲರ್‌ಗಳ ಆ ವಿಮಾನಕ್ಕೆ ಗಂಟೆಗೆ 350 ಕಿಲೋಮೀಟರ್ ವೇಗ ಹಿಡಿದು, ಮೇಲೆ ಆರೇಳು ನಿಮಿಷ ಸೇರಿಸಿದರೆ ಇಪ್ಪತ್ತೈದು ನಿಮಿಷ ಬರುತ್ತದೆ, ಅದು ಸರಿಯಾದ ಅಂದಾಜು. ಅಲ್ಲಿಗೆ ಹೋಗುವುದು ಮುಖ್ಯವಾಗಿ ಸಂಶೋಧಕರು, ಪ್ರವಾಸಿಗರಿಗೆ ಮಾರುವ ಟಿಕೆಟ್ಟಲ್ಲ ಅದು.

ನಾಲ್ಕನೆಯ ಹೆಜ್ಜೆ: ಪಾಸ್‌ಪೋರ್ಟ್ ತಿನ್ನುವ ಹೊತ್ತು

ಇಡೀ ಪ್ರಯಾಣದಲ್ಲಿ ಎಚ್ಚರ ತಪ್ಪಬಾರದ ಜಾಗ ಇದು. ಸ್ವಾಲ್‌ಬಾರ್ಡ್ ನಾರ್ವೆಯದೇ, ಆದರೆ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಒಳಗಿಲ್ಲ. 1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಆದ ಒಪ್ಪಂದ ಆ ದ್ವೀಪಗಳ ಮೇಲೆ ನಾರ್ವೆಗೆ ಒಡೆತನ ಕೊಟ್ಟಿತು, ಸಹಿ ಹಾಕಿದ ದೇಶಗಳ ಜನರಿಗೂ ಅಲ್ಲಿ ಸಮಾನ ಅವಕಾಶ ಇಟ್ಟಿತು. ಬ್ರಿಟಿಷರ ಕೈಯಡಿಯಲ್ಲಿದ್ದ ಭಾರತದ ಹೆಸರೂ ಆ ಪಟ್ಟಿಯಲ್ಲಿತ್ತು. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಕಿಲ್ಲ ಎಂಬ ಮಾತು ಹಾಗಾಗಿ ನಿಜ. ಆದರೆ ಅಲ್ಲಿಗೆ ಹೋಗುವ ವಿಮಾನ ಹತ್ತಲು ನಾರ್ವೆಗೆ ಹೋಗಬೇಕಲ್ಲ, ಅದಕ್ಕೆ ಷೆಂಗೆನ್ ವೀಸಾ ಬೇಕೇ ಬೇಕು.

ಟ್ರೊಮ್ಸೊದಲ್ಲಿ ವಿಮಾನ ಹತ್ತುವ ಮೊದಲು ಪಾಸ್‌ಪೋರ್ಟ್ ತಪಾಸಣೆ ದಾಟಿದಿರಿ ಎಂದರೆ ನೀವು ಷೆಂಗೆನ್‌ನಿಂದ ಹೊರಗೆ. ಮರಳಿ ಬಂದಾಗ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಅರ್ಜಿ ಹಾಕುವಾಗಲೇ ಎರಡು ಅಥವಾ ಹೆಚ್ಚು ಬಾರಿ ಪ್ರವೇಶಿಸುವ ವೀಸಾ ಕೇಳಿ, ಸ್ವಾಲ್‌ಬಾರ್ಡ್ ಟಿಕೆಟ್ಟನ್ನೂ ಜೊತೆಗೆ ತೋರಿಸಿ. 960 ಕಿಲೋಮೀಟರ್ ಲೆಕ್ಕ ಎಷ್ಟು ಕರಾರುವಾಕ್ಕಾಗಿ ಹಾಕಿದ್ದರೂ ಈ ಒಂದು ಪದ ತಪ್ಪಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹೊತ್ತಿನ ಲೆಕ್ಕಕ್ಕೂ ಇದು ಬರುತ್ತದೆ. ಓಸ್ಲೊದಿಂದ ಲಾಂಗ್‌ಯೀರ್‌ಬೆನ್‌ಗೆ ನೇರ ದೂರ ಸುಮಾರು 2,015 ಕಿಲೋಮೀಟರ್, ಟ್ರೊಮ್ಸೊ ಮೇಲಿಂದ ಹೋದರೆ 2,075. ಅಂದರೆ ಟ್ರೊಮ್ಸೊ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ, ಹೆಚ್ಚುವರಿ 60 ಕಿಲೋಮೀಟರ್, ಆಕಾಶದಲ್ಲಿ ಐದು ನಿಮಿಷ. ಆದರೆ ನೇರ ವಿಮಾನ ಮೂರು ಗಂಟೆಯೊಳಗೆ ತಲುಪಿಸಿದರೆ, ಟ್ರೊಮ್ಸೊದಲ್ಲಿ ನಿಂತು ಹೋಗುವುದು ನಾಲ್ಕೂವರೆ ಗಂಟೆಯ ಹತ್ತಿರ ಹಿಡಿಯುತ್ತದೆ. ಅದೇ ವಿಮಾನ ಮುಂದೆ ಹೋಗುವುದಾದರೂ ಎಲ್ಲರೂ ಇಳಿದು, ಕೈಚೀಲ ಹಿಡಿದು, ತಪಾಸಣೆ ದಾಟಿ ಮತ್ತೆ ಹತ್ತಬೇಕು. ಪಾಸ್‌ಪೋರ್ಟನ್ನು ಚೆಕ್‌ಇನ್ ಸೂಟ್‌ಕೇಸಿನ ತಳದಲ್ಲಿ ಇಟ್ಟವರ ಮುಖ ಆಗ ನೋಡಬೇಕು.

ಐದನೆಯ ಹೆಜ್ಜೆ: ಮನೆಬಾಗಿಲಿನಿಂದ ಮನೆಬಾಗಿಲಿಗೆ

ಟ್ರೊಮ್ಸೊ ಊರಿನಿಂದ ನಿಲ್ದಾಣಕ್ಕೆ 20 ನಿಮಿಷ. ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲು ಅಲ್ಲಿರಿ. ವಿಮಾನ ಒಂದು ಗಂಟೆ ನಲವತ್ತು. ಸಾಮಾನು ಬರಲು ಅರ್ಧ ಗಂಟೆ, ಅಲ್ಲಿಂದ ಊರಿಗೆ ಬಸ್ಸಿನಲ್ಲಿ 15 ನಿಮಿಷ. ಬಸ್ಸು ವಿಮಾನದ ಸಮಯಕ್ಕೇ ಹೊಂದಿಕೊಂಡಿರುತ್ತದೆ. ಒಟ್ಟು ನಾಲ್ಕೂಕಾಲು ಗಂಟೆ. ಚಳಿಗಾಲದಲ್ಲಿ ರೆಕ್ಕೆಯ ಮೇಲಿನ ಮಂಜು ಕರಗಿಸುವ ಡಿ-ಐಸಿಂಗ್‌ಗೆ ಇನ್ನೊಂದು ಹತ್ತು ಹದಿನೈದು ನಿಮಿಷ ಹಿಡಿದುಕೊಳ್ಳಿ.

ಆಮೇಲೆ ಹವಾಮಾನ. ಲಾಂಗ್‌ಯೀರ್‌ಬೆನ್ ನಿಲ್ದಾಣ 1975ರಲ್ಲಿ ತೆರೆದದ್ದು, ದಿನನಿತ್ಯ ಸಾರ್ವಜನಿಕ ವಿಮಾನ ಬರುವ ನಿಲ್ದಾಣಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಉತ್ತರದ್ದು. ಅದಕ್ಕೂ ಮೊದಲು ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದರೆ ಊರು ಹೊರಜಗತ್ತಿನಿಂದ ಬಹುಮಟ್ಟಿಗೆ ಕಡಿದುಹೋಗುತ್ತಿತ್ತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಒಂದೇ ರನ್‌ವೇ, ಅದೂ ಸದಾ ಹೆಪ್ಪುಗಟ್ಟಿದ ನೆಲದ ಮೇಲೆ. ಒಂದು ಕಡೆ ಸಮುದ್ರದ ಕೊಲ್ಲಿ, ಇನ್ನೊಂದು ಕಡೆ ಬೆಟ್ಟ. 1996ರ ಆಗಸ್ಟ್ 29ರಂದು ಮಾಸ್ಕೋದಿಂದ ಬಂದ ಟುಪೊಲೆವ್ 154 ಇಳಿಯುವ ಹೊತ್ತಿಗೆ ಹತ್ತಿರದ ಬೆಟ್ಟಕ್ಕೆ ಬಡಿದು 141 ಜನ ತೀರಿಕೊಂಡರು. ಮೋಡ ಗಾಳಿ ಸರಿಯಿಲ್ಲದಿದ್ದರೆ ಇಲ್ಲಿ ಹಟ ಹಿಡಿದು ಇಳಿಸುವುದಿಲ್ಲ, ವಿಮಾನ ಟ್ರೊಮ್ಸೊಗೆ ವಾಪಸಾಗುವುದುಂಟು. ಹಾಗಾದ ದಿನ ನಿಮ್ಮ ಒಂದು ಗಂಟೆ ನಲವತ್ತು ನಿಮಿಷ ಮೂರು ಗಂಟೆಯಾಗಿ, ಕೊನೆಗೆ ನೀವು ಹೊರಟಲ್ಲೇ ನಿಂತಿರುತ್ತೀರಿ.

ಅದಕ್ಕೇ ನನ್ನ ಸಲಹೆ: ಸ್ವಾಲ್‌ಬಾರ್ಡ್‌ನಿಂದ ಮರಳಿದ ದಿನವೇ ಭಾರತದ ವಿಮಾನಕ್ಕೆ ಟಿಕೆಟ್ ಮಾಡಬೇಡಿ. ಒಂದು ರಾತ್ರಿ ಟ್ರೊಮ್ಸೊ ಅಥವಾ ಓಸ್ಲೊದಲ್ಲಿ ಉಳಿಯಿರಿ. ಅದು ಆಗದಿದ್ದರೆ ಎಲ್ಲ ಹಾರಾಟಗಳೂ ಒಂದೇ ಟಿಕೆಟ್ಟಿನಲ್ಲಿರಲಿ, ತಪ್ಪಿದರೆ ಮುಂದಿನದನ್ನು ಕೊಡುವ ಹೊಣೆ ವಿಮಾನ ಸಂಸ್ಥೆಯದಾಗುತ್ತದೆ. ಸಾಮಾನಿನ ಚೀಟಿಯಲ್ಲಿ ಕೊನೆಯ ಊರು ಯಾವುದೆಂದು ಲಾಂಗ್‌ಯೀರ್‌ಬೆನ್ ಕೌಂಟರಿನಲ್ಲೇ ಓದಿಕೊಳ್ಳಿ, ನಾರ್ವೆಗೆ ಮರಳುವಾಗ ಕಸ್ಟಮ್ಸ್ ಇರುತ್ತದೆ.

ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಹಳೆಯ ಲೇಖನದಲ್ಲಿ ಓದಿದ ಸಮಯ ನಂಬದೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ಹಿಂದಿನ ವಾರದ ಹಾರಾಟಗಳನ್ನು ನೋಡಿ. ಎದ್ದ ಗಳಿಗೆ, ಇಳಿದ ಗಳಿಗೆ ಎರಡೂ ಸಿಗುತ್ತವೆ. ನಿಮ್ಮ ಕಾಗದದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಕೊನೆಗೆ ಸೀಟಿನ ವಿಷಯ. ಉತ್ತರಕ್ಕೆ ಹೋಗುವಾಗ ಬಲಬದಿಯ ಕಿಟಕಿ ಕೇಳಿ. ದಾರಿಯ ನಡುಮಧ್ಯೆ, ಪೂರ್ವಕ್ಕೆ ಐವತ್ತು ಕಿಲೋಮೀಟರ್ ಸರಿದು ಬ್ಯೋರ್ನಯ ಎಂಬ ಒಂಟಿ ದ್ವೀಪವಿದೆ, ಹೆಸರಿನ ಅರ್ಥ ಕರಡಿ ದ್ವೀಪ. ಹೊರಟ ಮುಕ್ಕಾಲು ಗಂಟೆಗೆ ಕೆಳಗೆ ನೋಡಿ. ಬಹಳ ಸಲ ಮೋಡವೇ ಕಾಣುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಾದರೆ ನೋಡುವುದೇ ಬೇಡ, ಲಾಂಗ್‌ಯೀರ್‌ಬೆನ್‌ನಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮೇಲೆ ಬರುವುದು ಫೆಬ್ರುವರಿ ಮಧ್ಯದಲ್ಲಿ. ಏಪ್ರಿಲ್ ಕೊನೆಯ ನಂತರ ಹೋದರೆ ರಾತ್ರಿ ಹನ್ನೆರಡಕ್ಕೂ ಅಲ್ಲಿ ಬಿಸಿಲು, ಯಾವ ಹೊತ್ತಿನ ವಿಮಾನವಾದರೂ ಕಿಟಕಿ ವ್ಯರ್ಥವಾಗದು.